ಅಣ್ಣನ ಆಟ, ನನ್ನ ದನಿ

ನಮ್ಮಣ್ಣನಿಗೆ ಮಾತು ಬರುತ್ತಿರಲಿಲ್ಲ ಎಂದು ನಮ್ಮ ಓಣಿಯಲ್ಲಿ ಹೇಳುತ್ತಾರೆ. ಅದು ತಪ್ಪು. ಮಾತು ಬರುತ್ತಿತ್ತು, ತಡವಾಗಿ ಬರುತ್ತಿತ್ತು. ಮೊದಲ ಅಕ್ಷರ ತುಟಿಯವರೆಗೆ ಬಂದು, ಹಿಂದೆ ಸರಿದು, ಮತ್ತೆ ಬಂದು, ಹೊಸ್ತಿಲಲ್ಲಿ ನಿಂತ ಹೊಸ ಬೀಗರ ಹಾಗೆ ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತಿತ್ತು. ನಿಂತು ಕೇಳಿದವರಿಗೆ ಪೂರ್ತಿ ಮಾತು ಸಿಗುತ್ತಿತ್ತು. ರಾಯಚೂರಿನ ಬಿಸಿಲಲ್ಲಿ ನಿಲ್ಲುವ ಪುರುಸೊತ್ತು ಯಾರಿಗಿದೆ? ಬೈಯುವಾಗ ಮಾತ್ರ ಅವನಿಗೆ ಎಂದೂ ತೊಡಕಾಗಲಿಲ್ಲ. "ಲೇ ಹುಚ್ಚಪ್ಯಾಲಿ" ಎನ್ನುವುದು ಒಂದೇ ಉಸಿರಿಗೆ ಹೊರಗೆ ಬರುತ್ತಿತ್ತು. ಅದನ್ನು ಹೆಚ್ಚಾಗಿ ಕೇಳಿದವನು ನಾನೇ.

ಈ ಬೇಸಿಗೆಯಲ್ಲಿ ಅವನು ತೀರಿಕೊಂಡ. ಎದೆನೋವು ಎಂದು ಕೂತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು, ಗೂಡ್ಸ್ ಆಟೊ ಓಡಿಸುವವನು. ಬರೆದು ರೂಢಿಯಿಲ್ಲ. ಆದರೆ ಅವನು ಬದುಕಿದ್ದಾಗ ಅವನ ಪರವಾಗಿ ನಾನೇ ಮಾತಾಡುತ್ತಿದ್ದೆ, ಆ ಮಾತಿನಲ್ಲಿ ಮೋಸ ಮಾಡಿದೆ. ಅದನ್ನು ಬಿಟ್ಟು ಅವನ ಬಗ್ಗೆ ಏನು ಹೇಳಿದರೂ ಅರ್ಧವೇ ಆಗುತ್ತದೆ.

ಅಣ್ಣ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬ್ಯಾನರ್ ಮಾಡುತ್ತಿದ್ದ. ಹುಟ್ಟುಹಬ್ಬ, ಮದುವೆ, ಶ್ರದ್ಧಾಂಜಲಿ, ಎಲ್ಲಕ್ಕೂ ಮುಖಗಳನ್ನು ಕತ್ತರಿಸಿ ನೀಲಿ ಆಕಾಶಕ್ಕೆ ಅಂಟಿಸುವುದು ಅವನ ಕೆಲಸ. ಪುಢಾರಿಗಳ ಬ್ಯಾನರ್ ಇದ್ದರೆ ಜಗಳ ಗ್ಯಾರಂಟಿ. ಒಂದು ಸಲ ನಾನು ಅಲ್ಲಿ ರಟ್ಟಿನ ಡಬ್ಬಿ ಇಳಿಸುತ್ತಿದ್ದಾಗ ಬಿಳಿ ಅಂಗಿಯ ಒಬ್ಬ ಬಂದು ಕೂಗಾಡಿದ.

"ಏನಪಾ, ಅವ್ನ ಮುಖ ಕುಂಬಳಕಾಯಿ ಮಾಡೀದಿ, ನಂದು ನಿಂಬಿಹಣ್ಣು ಮಾಡೀದಿ?"

ಅಣ್ಣ ತಲೆಯಾಡಿಸಿದ. ಗಂಭೀರವಾಗಿ ಮೌಸಿನ ಗಾಲಿ ತಿರುಗಿಸಿ ಪರದೆಯ ಮೇಲೆ ಇಡೀ ಚಿತ್ರವನ್ನೇ ಹತ್ತಿರಕ್ಕೆ ಎಳೆದು ಅವನಿಗೆ ಅವನದೇ ಮುಖ ದೊಡ್ಡದಾಗಿ ತೋರಿಸಿದ. ಚಿತ್ರದಲ್ಲಿ ಏನೂ ಬದಲಾಗಿರಲಿಲ್ಲ. "ಹಾಂ, ಈಗ ಬಂತು ನೋಡು ಕಳೆ!" ಎಂದು ಆ ಮನುಷ್ಯ ಖುಷಿಯಿಂದ ಹೋದ. ಅಣ್ಣ ನನ್ನ ಕಡೆ ತಿರುಗಿ ಒಂದು ಹುಬ್ಬು ಮಾತ್ರ ಏರಿಸಿದ. ಅವನ ನಗು ಅಷ್ಟೇ.

ಅಂಗಡಿಯವರು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಅವನಿಗೆ ಕೊಟ್ಟರು. ಅದನ್ನು ನನ್ನ ಆಟೊದಲ್ಲಿ ಹಾಸಿಗೆ ಸುತ್ತಿ ತಂದೆವು. ಮನೆಯಲ್ಲಿ ಬುದ್ಧನ ಪಟದ ಕೆಳಗೆ ಜಾಗ ಮಾಡಿದೆವು. ಎಲ್ಲಿಂದಲೋ ಬಿಡಿಭಾಗ ತಂದು ಹಾಕಿ ಅಣ್ಣ ಅದನ್ನು ಆಟಕ್ಕೆ ತಕ್ಕ ಹಾಗೆ ಮಾಡಿದ. ಭಾನುವಾರ ಮಧ್ಯಾಹ್ನ, ಹೊರಗೆ ನಾಯಿಗಳೂ ನೆರಳು ಬಿಟ್ಟು ಬರದ ಹೊತ್ತು, ಕೂಲರ್‌ಗೆ ನೀರು ತುಂಬಿ, ಬಾಗಿಲು ಮುಂದೆ ಮಾಡಿ ನಾವಿಬ್ಬರೂ ಕೂರುತ್ತಿದ್ದೆವು. ಒದ್ದೆ ಹುಲ್ಲಿನ ವಾಸನೆ, ಕೂಲರ್‌ನ ಗಡಗಡ ಸದ್ದು, ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ. ಈಗ ಕೂಲರ್ ಹಾಕಿದರೆ ಆ ವಾಸನೆಗೇ ನಾನು ಎದ್ದು ಹೊರಗೆ ಹೋಗುತ್ತೇನೆ.

ಆಟ ಈ ಭೂಮಿಯದಲ್ಲ. ಯಾವುದೋ ಬೇರೆ ಗ್ರಹ, ಆಕಾಶದಲ್ಲಿ ಎರಡು ಚಂದ್ರ. ಹದ್ದು ನೋಡಿದ ಹಾಗೆ ನಾವು ಮೇಲಿನಿಂದ ನೋಡುತ್ತೇವೆ. ಅದಿರು ತೆಗೆಯಬೇಕು, ಕಾರ್ಖಾನೆ ಕಟ್ಟಬೇಕು, ಕಾಲುಳ್ಳ ಯಂತ್ರ, ಹಾರುವ ಯಂತ್ರ, ಲೋಹದ ಅಂಗಿಯ ಸೈನಿಕರನ್ನು ತಯಾರು ಮಾಡಬೇಕು. ಹೆಚ್ಚಿನ ಹುಡುಗರಿಗೆ ಎದುರಿನವನ ಕೋಟೆ ಒಡೆಯುವ ಬಗೆ ಇಷ್ಟ. ಅಣ್ಣನಿಗೆ ಇಷ್ಟವಾದದ್ದು ಜಾಗ ಹಿಡಿಯುವ ಬಗೆ. ಇಂಟರ್ನೆಟ್ಟಿನಲ್ಲಿ ಈ ಕಡೆ ಮೂವರು, ಆ ಕಡೆ ಮೂವರು. ನಕ್ಷೆಯಲ್ಲಿ ಐದು ಕಂಬ, ಕಂಬದ ಸುತ್ತ ಬೆಳಕಿನ ಬಳೆ. ಬಳೆಯೊಳಗೆ ನಿಮ್ಮ ಸೈನಿಕರು ನಿಂತರೆ ಕಂಬ ನಿಮ್ಮ ಬಣ್ಣಕ್ಕೆ ತಿರುಗುತ್ತದೆ. ನಿಮ್ಮ ಕೈಯಲ್ಲಿ ಹೆಚ್ಚು ಕಂಬ ಇರುವಷ್ಟು ಹೊತ್ತು ಎದುರಿನವರ ಅಂಕ, ತೂತುಬಿದ್ದ ಕೊಡದ ನೀರಿನಂತೆ ಇಳಿಯುತ್ತದೆ. ಸೊನ್ನೆ ಮುಟ್ಟಿದವರು ಸೋತಂತೆ. ಯಾರನ್ನೂ ಪೂರ್ತಿ ಹೊಡೆದು ಹಾಕಬೇಕಾಗಿಲ್ಲ.

"ಕೊ... ಕೊಲ್ಲೂದು ಬ್ಯಾಡ," ಎಂದು ಅಣ್ಣ ಮೊದಲ ದಿನವೇ ಹೇಳಿದ್ದ. "ನಿಂ... ನಿಂತ್ರ ಸಾಕು."

ನಿಲ್ಲುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎದುರಿನವರು ಬೇಕೆಂದೇ ಬೆನ್ನು ತೋರಿಸಿ ಓಡಿದರೆ ಎಲ್ಲರೂ ಅಟ್ಟಿಸಿಕೊಂಡು ಹೋಗುತ್ತಾರೆ, ಅಣ್ಣ ಹೋಗುತ್ತಿರಲಿಲ್ಲ. ಯಾರಿಗೂ ಬೇಡವಾದ ಮೂಲೆಯ ಕಂಬಕ್ಕೆ ನಾಲ್ವರು ಸೈನಿಕರನ್ನು ಕಳಿಸಿ, ಅವರ ಸುತ್ತ ಮಣ್ಣಿನ ಗೋಡೆಯ ಹಾಗೆ ಬಂದೂಕಿನ ಗೋಪುರ ಕಟ್ಟಿ, ಸಂತೆಯಲ್ಲಿ ಕೊತ್ತಂಬರಿ ಇಟ್ಟುಕೊಂಡು ಕೂತ ಮುದುಕಿಯ ಹಾಗೆ ಅಲ್ಲೇ ಕೂರುತ್ತಿದ್ದ. ಒಮ್ಮೆ ಹೈದರಾಬಾದಿನ ಹುಡುಗರು ಅವನ ಕಾರ್ಖಾನೆಯನ್ನೆಲ್ಲ ಸುಟ್ಟರು. ಪರದೆಯ ತುಂಬ ಬೆಂಕಿ. ಅಣ್ಣ ಅದನ್ನು ಆರಿಸಲು ಒಬ್ಬ ಸೈನಿಕನನ್ನೂ ಕಂಬದಿಂದ ತರಲಿಲ್ಲ. ಅವನ ಮನೆ ಉರಿಯುತ್ತಲೇ ಇತ್ತು, ಅವರ ಅಂಕ ಸೊನ್ನೆಯಾಯಿತು.

ಆಗ ಸ್ಪೀಕರ್‌ನಲ್ಲಿ ಕೂಗಿದವನು ಮಾನ್ವಿಯ ಖಾಜಾ. "ಮನಿ ಸುಟ್ಟ್ರೂ ಗೆದ್ದೀವಲ್ರೀ! ಯಾ ಮಣ್ಣಿನ ಮನಷಾರ್ರೀ ನೀವು!"

ಖಾಜಾ ಮಾನ್ವಿಯಲ್ಲಿ ಅಕ್ಕಿ ಗಿರಣಿಯ ತೂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದ. ಇನ್ನೊಬ್ಬ ದೇವದುರ್ಗದ ಹಣಮಂತ, ಮೊಬೈಲ್ ರಿಪೇರಿ ಅಂಗಡಿಯವನು. ಇಬ್ಬರೂ ಆಟದಲ್ಲೇ ಪರಿಚಯವಾದವರು, ಅಣ್ಣನ ಕಡೆಯ ಮೂವರಲ್ಲಿ ಉಳಿದಿಬ್ಬರು. ಅವರು ಮೈಕಿನಲ್ಲಿ ಮಾತಾಡಿಕೊಂಡೇ ಆಡುತ್ತಿದ್ದರು. ಎಲ್ಲಿ ವೈರಿ ಬಂದ, ಎಲ್ಲಿ ಹೋಗಬೇಕು ಎಂದು ಕ್ಷಣಕ್ಷಣಕ್ಕೂ ಹೇಳಬೇಕು. ಅಣ್ಣ ಟೈಪ್ ಮಾಡಲು ಕೈ ತೆಗೆದರೆ ಸೈನಿಕರು ಸಾಯುತ್ತಿದ್ದರು. ಬಾಯಲ್ಲಿ ಹೇಳಲು ಹೋದರೆ, ಮಾತು ಮುಗಿಯುವಷ್ಟರಲ್ಲಿ ಕಂಬ ಹೋಗಿರುತ್ತಿತ್ತು. ಅದಕ್ಕೆ ಮೈಕನ್ನು ನನ್ನ ಕೈಗೆ ಕೊಟ್ಟ.

ಕಂಬಗಳಿಗೆ ಹೆಸರು ಇಟ್ಟವನೂ ಅವನೇ. ಆಟದಲ್ಲಿದ್ದ ಇಂಗ್ಲಿಷ್ ಹೆಸರು ನನ್ನ ಬಾಯಿಗೆ ಬರುತ್ತಿರಲಿಲ್ಲ. ಅವನು ನನ್ನ ಆಟೊ ಹೋಗುವ ಊರುಗಳ ಹೆಸರನ್ನೇ ತೆಗೆದುಕೊಂಡ. ಕೆಳಗಿನ ಹೊಳೆ ದಂಡೆಯದು ಗಿಲ್ಲೆಸುಗೂರು. ಎಡಕ್ಕೆ ಹಿರೇಕೊಟ್ನೆಕಲ್, ಅದರ ಆಚೆ ಮೂಲೆಯಲ್ಲಿ ಬಾಗಲವಾಡ. ಮೇಲಿನದು, ಹಣಮಂತನ ಖುಷಿಗೆ, ಅವನ ಊರ ಕಡೆಯ ಜಾಲಹಳ್ಳಿ. ನಡುವೆ ಎಲ್ಲರೂ ಬಂದು ಗುದ್ದಾಡುವ ಕಂಬಕ್ಕೆ ನಮ್ಮ ರಾಯಚೂರಿನ ಚೌಕದ ಹೆಸರು, ತೀನ್ ಕಂದೀಲ್. ಅಣ್ಣ "ಗಿ" ಎಂದರೆ ಸಾಕು, "ಗಿಲ್ಲೆಸುಗೂರಿಗೆ ಬಂದಾರ್ರೀ!" ಎಂದು ನಾನು ಮೈಕಿಗೆ ಒದರುತ್ತಿದ್ದೆ. ಮೇಜಿನ ಕೆಳಗೆ ಅವನ ಕಾಲು ನನ್ನ ಪಾದದ ಮೇಲೆ ಇರುತ್ತಿತ್ತು. ಒತ್ತಿ ಹಿಡಿದರೆ, ಜಾಗ ಬಿಡಬೇಡಿ. ತಟ್ಟಿದರೆ, ಸಹಾಯಕ್ಕೆ ಬನ್ನಿ. ಆಟ ಜೋರಾದಾಗ ನನ್ನ ಪಾದ ಕೆಂಪಾಗುತ್ತಿತ್ತು.

ಅವ್ವ ಅಡುಗೆಮನೆಯಿಂದ ಇಣುಕಿ ಹೇಳುತ್ತಿದ್ದಳು: "ಒಬ್ಬ ಆಡ್ತಾನ, ಒಬ್ಬ ಒದರ್ತಾನ. ಇಬ್ರೂ ಕೂಡಿ ಒಬ್ಬ ಮನಷಾ ಆಗೀರಿ ನೋಡ್ರಿ."

ಖಾಜಾನಿಗೂ ಹಣಮಂತನಿಗೂ ಈ ಒಬ್ಬ ಮನುಷ್ಯನೇ ಗೊತ್ತಿದ್ದದ್ದು. ದನಿ ನನ್ನದು, ಆಟವೂ ನನ್ನದೇ ಎಂದುಕೊಂಡರು. "ಉಸ್ತಾದ್" ಎಂದು ಕರೆಯತೊಡಗಿದರು. ಮೊದಲ ಸಲ ಹಾಗೆ ಕರೆದಾಗ ನಾನು ಅಣ್ಣನ ಮುಖ ನೋಡಿದೆ. ಅವನು ಕೈಬೀಸಿ, ಇರಲಿ ಮುಂದೆ ಹೇಳು ಎಂಬಂತೆ ಸನ್ನೆ ಮಾಡಿದ. ಅಲ್ಲಿಯವರೆಗೆ ಅದು ಮೋಸವಲ್ಲ. ಅವನೇ ಒಪ್ಪಿದ್ದ.

ಆಮೇಲೆ ಒಂದು ದಿನ ಅವರಿಬ್ಬರೂ ಏನೋ ಸಾಮಾನು ಕೊಳ್ಳಲು ರಾಯಚೂರಿಗೆ ಬರುವವರಿದ್ದರು. "ಮನಿಗೆ ಬರ್ತೀವಿ ಉಸ್ತಾದ್, ನಿಮ್ಮ ಕೈ ನೋಡ್ಬೇಕು," ಎಂದ ಹಣಮಂತ. ಅಣ್ಣ ಅಂಗಡಿಗೆ ರಜೆ ಹಾಕಿದ. ಗಡ್ಡ ಮಾಡಿಸಿಕೊಂಡು ಬಂದ. ಹಳೆಯ ಹಲ್ಲುಜ್ಜುವ ಬ್ರಷ್ ತಂದು ಕೀಬೋರ್ಡಿನ ಸಂದಿಯನ್ನೆಲ್ಲ ತಿಕ್ಕಿದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದ. ಏನೋ ಒಂದು ವಾಕ್ಯವನ್ನು ಮತ್ತೆ ಮತ್ತೆ ಹೇಳಿ ನೋಡಿಕೊಳ್ಳುತ್ತಿದ್ದ. ನಾನು ಬಾಗಿಲಲ್ಲಿ ನಿಂತದ್ದು ಕಂಡು, "ಹೋಗಲೇ ಹುಚ್ಚಪ್ಯಾಲಿ," ಎಂದು ನಾಚಿಕೊಂಡ.

ಅವರು ಬಂದರು. ಬಾಗಿಲು ತೆಗೆದದ್ದು ನಾನು. "ಬರ್ರಿ ಬರ್ರಿ," ಎಂದೆ, ಅಷ್ಟೇ. ದನಿ ಕೇಳಿದ್ದೇ ಖಾಜಾ ನನ್ನನ್ನು ಅಪ್ಪಿಕೊಂಡ. "ಉಸ್ತಾದ್!" ಹಣಮಂತ ನನ್ನ ಎರಡೂ ಕೈ ಹಿಡಿದು, ತಿರುಗಿಸಿ ನೋಡಿ, "ಈ ಕೈಯೇನ್ರೀ ಬಾಗಲವಾಡ ಕಾಯ್ದದ್ದು!" ಎಂದ.

ಅಣ್ಣ ಮುಂದೆ ಬಂದ. ಬಾಯಿ ತೆಗೆದ. "ನಾ... ನಾ... ನಾ..."

ಅವನ ಮಾತನ್ನು ಪೂರ್ತಿ ಮಾಡುವುದು ನನ್ನ ಕೆಲಸವಾಗಿತ್ತು. ಒಂದು ಅಕ್ಷರ ಅವನು ಕೊಡುತ್ತಿದ್ದ, ಉಳಿದದ್ದು ನಾನು ಹೇಳುತ್ತಿದ್ದೆ. ಆ ದಿನವೂ ಹೇಳಿದೆ.

"ನಮ್ಮಣ್ಣ," ಎಂದೆ. "ಫ್ಲೆಕ್ಸ್ ಅಂಗಡ್ಯಾಗ ಇರ್ತಾನ."

ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ದಿನವಿಡೀ ನನ್ನನ್ನು "ಏ ಆಟೊ", "ಲೇ, ಹಿಂದ ತಗೀ" ಎಂದು ಕರೆಯುತ್ತಾರೆ. ಪೊಲೀಸರು ಕರೆಯುವುದೂ ಹಾಗೆಯೇ, ಮಂಡಿಯ ಅಡತಿ ವ್ಯಾಪಾರಿಗಳು ಕರೆಯುವುದೂ ಹಾಗೆಯೇ. ನನ್ನ ಕೈಯನ್ನು ಯಾರೂ ಹಿಡಿದು ತಿರುಗಿಸಿ ನೋಡಿರಲಿಲ್ಲ. ಆ ಬಿಸಿ ಇನ್ನೊಂದಿಷ್ಟು ಹೊತ್ತು ಇರಲಿ, ಆಮೇಲೆ ಹೇಳೋಣ ಎನ್ನಿಸಿತು. ಆಮೇಲೆ ಎನ್ನುವುದು ಬರಲಿಲ್ಲ.

ಅಣ್ಣ ಬಾಯಲ್ಲಿದ್ದ ಅಕ್ಷರವನ್ನು ನುಂಗಿದ್ದು ನನಗೆ ಕಾಣಿಸಿತು. ಆಮೇಲೆ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದ. ಅವರು ಕಪ್ಪು ತೆಗೆದುಕೊಂಡು ನನ್ನ ಕಡೆಗೇ ತಿರುಗಿ ಮಾತಾಡಿದರು. ಆಡಿ ತೋರಿಸಿ ಎಂದಾಗ, ಪುಣ್ಯಕ್ಕೆ ಕರೆಂಟು ಹೋಗಿತ್ತು.

ಆ ಮುಂದಿನ ಭಾನುವಾರ ಮೈಕು ಕೊಡುತ್ತಾನೋ ಇಲ್ಲವೋ ಎಂದು ಹೆದರಿದ್ದೆ. ಕೊಟ್ಟ. ಎಂದಿನ ಹಾಗೆ ಅವನ ಕಾಲು ನನ್ನ ಪಾದದ ಮೇಲೆ ಬಂತು. ಬೈದಿದ್ದರೆ, ಅದೊಂದು ಅವನಿಗೆ ಸರಾಗವಾಗಿ ಬರುತ್ತಿತ್ತಲ್ಲ, ನನಗೆ ಹಗುರವಾಗುತ್ತಿತ್ತು.

ಅಲ್ಲಿಗೆ ನಿಲ್ಲಿಸಲಿಲ್ಲ ನಾನು. ಬಾಡಿಗೆಗೆ ಮಾನ್ವಿಗೆ ಹೋದಾಗಲೆಲ್ಲ ಖಾಜಾನನ್ನು ಕಾಣುತ್ತಿದ್ದೆ. ಗಿರಣಿಯ ಹುಡುಗರೆದುರು ಅವನು, "ಇವ್ರ ನೋಡ್ರಿ ನಮ್ಮ ಉಸ್ತಾದ್," ಎಂದಾಗ ತಲೆ ತಗ್ಗಿಸಿ ನಗುತ್ತಿದ್ದೆ. ಒಮ್ಮೆ ಅಲ್ಲಿನ ಹುಡುಗರು ಕಂಪ್ಯೂಟರ್ ಹಚ್ಚಿಟ್ಟುಕೊಂಡು ಕಾಯುತ್ತಿದ್ದಾರೆ, ಒಂದು ಆಟ ಆಡಲೇಬೇಕು ಎಂದು ಮೊದಲೇ ಫೋನ್ ಮಾಡಿದ. ಬರುವುದಿಲ್ಲ ಎನ್ನಲು ಆಸೆ ಬಿಡಲಿಲ್ಲ, ಆಡಲು ಕೈ ಬರುತ್ತಿರಲಿಲ್ಲ. ದಾರಿಯಲ್ಲಿ ಔಷಧದ ಅಂಗಡಿಯಲ್ಲಿ ಪಟ್ಟಿ ಕೊಂಡು ಬಲಗೈ ಬೆರಳಿಗೆ ದಪ್ಪಗೆ ಸುತ್ತಿಕೊಂಡೆ. ಆಟೊ ಬಾಗಿಲಿಗೆ ಸಿಕ್ಕಿತು ಎಂದೆ. ಹುಡುಗರು ಅಯ್ಯೋ ಎಂದರು. ಬೆರಳಿಗೆ ಪೆಟ್ಟಾದರೂ ಮಾತು ಕೊಟ್ಟ ಮೇಲೆ ಬಂದರಲ್ಲ ಎಂದು ನನಗೆ ಇನ್ನಷ್ಟು ಮರ್ಯಾದೆ ಸಿಕ್ಕಿತು.

ಮನೆಗೆ ಬರುವಾಗ ಪಟ್ಟಿ ಬಿಚ್ಚುವುದನ್ನು ಮರೆತಿದ್ದೆ. ಅಣ್ಣ ನೋಡಿದ.

"ಏ... ಏನಾತಲೇ?"

ಅವನಿಗೂ ಅದೇ ಸುಳ್ಳು ಹೇಳಿದೆ. ಅವನು ನೋವಿನ ಮುಲಾಮು ಹುಡುಕಿ ತಂದು, ಪಟ್ಟಿ ಬಿಚ್ಚಿ, ಏನೂ ಆಗದ ನನ್ನ ಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ನಿಧಾನವಾಗಿ ತಿಕ್ಕಿದ. "ಬಾ... ಬಾವು ಇಲ್ಲ," ಎಂದ. "ಛಲೋ ಆತು." ನಾನು ನೋವಾದವನ ಹಾಗೆ ಮುಖ ಕಿವಿಚಿಕೊಂಡು ಕೂತಿದ್ದೆ.

ಆ ಭಾನುವಾರ ಆಟ ಶುರುವಾಗುವ ಮೊದಲೇ ಸ್ಪೀಕರ್‌ನಲ್ಲಿ ಖಾಜಾನ ದನಿ ಕೇಳಿತು. "ಉಸ್ತಾದ್, ಬೆರಳು ಹ್ಯಾಂಗದ? ನಮ್ಮ ಹುಡುಗ್ರು ಭಾಳ ಹಳಹಳಿಸಾಕತ್ತಾರ. ನಿಮ್ಮ ಆಟ ನೋಡಾಕ ಆಗ್ಲಿಲ್ಲಂತ."

ಅಣ್ಣ ಪರದೆಯಿಂದ ಕಣ್ಣು ತೆಗೆದು ನನ್ನ ಬೆರಳು ನೋಡಿದ. ನೋಡುತ್ತಲೇ ಇದ್ದ. ಯಾಕೆ ಪಟ್ಟಿ ಕಟ್ಟಿದ್ದೆ ಎನ್ನುವುದು ಅವನಿಗೆ ಅರ್ಥವಾಗುವುದನ್ನು ನಾನು ಕಣ್ಣಾರೆ ಕಂಡೆ. ಅತ್ತ ಖಾಜಾ, "ಹಲೋ, ಹಲೋ, ಕೇಳ್ತದೇನ್ರೀ?" ಎನ್ನುತ್ತಿದ್ದ. ಅಣ್ಣ ಪರದೆಯ ಕಡೆ ತಿರುಗಿದ. ಮೇಜಿನ ಕೆಳಗೆ ಅವನ ಕಾಲು ನನ್ನ ಪಾದವನ್ನು ಮೆಲ್ಲಗೆ ತಟ್ಟಿತು. ಉತ್ತರ ಕೊಡು ಎಂದರ್ಥ.

"ಆರಾಮ ಅದ್ರೀ," ಎಂದೆ.

ಅಣ್ಣ ಆ ಆಟವನ್ನು ಗೆದ್ದುಕೊಟ್ಟ. ಆಮೇಲೆ ಎಷ್ಟೋ ಆಟ ಗೆದ್ದ. ಆ ವಿಷಯ ನಾವಿಬ್ಬರೂ ಎಂದೂ ಎತ್ತಲಿಲ್ಲ. ಅವನಿಗೆ ಎತ್ತಲು ಕಷ್ಟವಿತ್ತು, ನನಗೇನಿತ್ತು?

ಅವನು ಹೋದ ಮೇಲೆ ಕಂಪ್ಯೂಟರ್ ಮೇಲೆ ಅವ್ವನ ಹಳೆಯ ಸೀರೆ ಹೊದಿಸಿದೆವು. ಅಣ್ಣ ತೀರಿಕೊಂಡ ಎಂದು ಖಾಜಾನಿಗೆ ಫೋನಿನಲ್ಲಿ ಹೇಳಿದ್ದೆ. ಕೆಲವು ವಾರಗಳ ಮೇಲೆ ಅವನೂ ಹಣಮಂತನೂ ಬೈಕಿನಲ್ಲಿ ಬಂದರು. ಅವ್ವನಿಗೆ ಕೈಮುಗಿದರು. ನನ್ನ ಎದುರು ಕೂತು ಖಾಜಾ ಹೇಳಿದ, "ಉಸ್ತಾದ್, ನಿಮ್ಮ ದುಃಖ ನಮಗ ತಿಳೀತದ್ರೀ. ಅವಸರ ಇಲ್ಲ. ನಿಮ್ಮ ಜಾಗಕ್ಕ ಇನ್ನೊಬ್ಬರನ್ನ ತಗೊಂಡಿಲ್ಲ ನಾವು. ಮನಸ್ಸು ಬಂದಾಗ ಬರ್ರಿ."

ನನಗೆ ತಡೆಯಲಾಗಲಿಲ್ಲ. "ಆ ಜಾಗ ನಂದಲ್ರೀ," ಎಂದೆ. "ಆಡ್ತಿದ್ದಾಂವ ನಾನಲ್ಲ. ನಮ್ಮಣ್ಣ."

ಹಣಮಂತ ನನ್ನ ಹೆಗಲ ಮೇಲೆ ಕೈಯಿಟ್ಟ. "ದುಃಖದಾಗ ಹಂಗ ಅನಸ್ತದ್ರೀ. ಹೋದವರ ಮ್ಯಾಲ ಎಲ್ಲಾ ಹಾಕಬೇಕನಸ್ತದ."

ಎಷ್ಟು ಹೇಳಿದರೂ ನಂಬಲಿಲ್ಲ. ಸೀರೆ ತೆಗೆದು ಕಂಪ್ಯೂಟರ್ ಹಚ್ಚಿದೆ. ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಂಡು ಅದೇ ಜಾಗ ಹಿಡಿಯುವ ಆಟ ಶುರು ಮಾಡಿ ಅಣ್ಣನ ಕುರ್ಚಿಯಲ್ಲಿ ಕೂತೆ. ಇಬ್ಬರೂ ಹಿಂದೆ ನಿಂತರು. ಒಂದೊಂದು ಕೀಲಿಯನ್ನೂ ನಾನು ಬೆರಳಿನಿಂದ ಹುಡುಕಬೇಕಾಗಿತ್ತು. ಸೈನಿಕರನ್ನು ಗಿಲ್ಲೆಸುಗೂರಿಗೆ ಕಳಿಸಲು ಹೋದರೆ ಬಳೆಯ ಹೊರಗೇ ಸುಮ್ಮನೆ ನಿಂತರು. ಕಾರ್ಖಾನೆ ಎಲ್ಲಿ ಕಟ್ಟಬೇಕು ಎಂದು ನೋಡುವಷ್ಟರಲ್ಲಿ ಬಾಗಲವಾಡ ವೈರಿಯ ಕೆಂಪು ಬಣ್ಣಕ್ಕೆ ತಿರುಗಿತು. ಆಮೇಲೆ ಹಿರೇಕೊಟ್ನೆಕಲ್.

"ಬೇಕಂತ ಸೋಲಾಕತ್ತೀರೇನ್ರೀ?" ಎಂದ ಹಣಮಂತ. ಆಮೇಲೆ ಅವನು ಪರದೆ ನೋಡುವುದನ್ನು ಬಿಟ್ಟು ನನ್ನ ಕೈ ನೋಡತೊಡಗಿದ.

ಖಾಜಾ ಮಂಚದ ಮೇಲೆ ಕುಸಿದು ಕೂತ. "ಅಂದ್ರ... ಆವತ್ತು ಚಾ ತಂದು ಕೊಟ್ಟಾಂವ?"

"ಹೂಂ."

"ಯಾ ಅಲ್ಲಾ," ಎಂದು ಮುಖ ಒರೆಸಿಕೊಂಡ.

ಹಣಮಂತನಿಗೆ ಸಿಟ್ಟು ಬಂತು. ಅಲ್ಲಿಯವರೆಗೆ ನನಗೆ ರೀ ಎನ್ನುತ್ತಿದ್ದವನು ಏಕವಚನಕ್ಕೆ ಇಳಿದ. "ಇಷ್ಟು ವರ್ಷ ಅವನ ಕೂಡ ಆಡೀವಿ. ಒಂದು ಸಲ ಕೈ ಹಿಡದು ಮಾತಾಡಸಲಿಲ್ಲ. ಕಪ್ಪು ತಗೊಂಡು ಮುಖಾ ಸೈತ ನೋಡಲಿಲ್ಲೋ ನಾ. ನೀ ನಡುಬರಕ ನಿಂತಿ."

"ಅವಂಗ ಮಾತು ತಡಾ ಆಕ್ಕಿತ್ತು..." ಎಂದೆ.

"ಕಾಯ್ತಿದ್ವಲ್ಲೋ!" ಎಂದ ಹಣಮಂತ. "ನಮಗೇನು ಗಾಡಿ ಹೊಂಟಿತ್ತೇನು? ಕಾಯ್ತಿದ್ವಿ."

ಅವ್ವ ಚಹಾ ತಂದಿಟ್ಟಳು. ಯಾರೂ ಕುಡಿಯಲಿಲ್ಲ. ಹಣಮಂತ ಹೊರಗೆ ಹೋಗಿ ಬೈಕಿನ ಹತ್ತಿರ ಆ ಕಡೆ ಮುಖ ಮಾಡಿ ನಿಂತ. ಸ್ವಲ್ಪ ಹೊತ್ತಿನ ಮೇಲೆ ಖಾಜಾ ಎದ್ದ.

"ಎಲ್ಲಿ ಮಣ್ಣು ಮಾಡೀರಿ?"

"ಬರ್ರಿ, ಕರಕೊಂಡು ಹೋಗ್ತೀನಿ," ಎಂದು ಅವಸರದಲ್ಲಿ ಚಪ್ಪಲಿ ಹುಡುಕಿದೆ.

ಖಾಜಾ ಕೈಯಿಂದಲೇ ತಡೆದ. ದನಿಯಲ್ಲಿ ಸಿಟ್ಟಿರಲಿಲ್ಲ. "ಬ್ಯಾಡ್ರಿ. ದಾರಿ ಹೇಳ್ರಿ ಸಾಕು. ನಾವಿಬ್ರೇ ಹೋಗ್ತೀವಿ."

ಹೇಳಿದೆ. ನೀರಿನ ಟ್ಯಾಂಕು ದಾಟಿ ಎಡಕ್ಕೆ. ಜಾಲಿ ಬೇಲಿಯ ಪಕ್ಕದಲ್ಲಿ ಕಾಲುದಾರಿ ಇದೆ. ಕಲ್ಲು ಇನ್ನೂ ಹಾಕಿಸಿಲ್ಲ, ಮಣ್ಣು ಹೊಸದಾಗಿ ಕಾಣುತ್ತದೆ. ಅವನು ತಲೆಯಾಡಿಸಿ ಕೇಳಿಸಿಕೊಂಡು, ಹೋಗಿ ಬೈಕಿನ ಹಿಂದೆ ಕೂತ. ಗಾಡಿ ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ.